ಪುಕ್ಕಟೆ ಸೋಲೋಕೆ ಗೋರೆಗಾಂವ್‌ವರೆಗೆ

ಮಾಲ್‌ನ ಮೇಲಿನ ಮಹಡೀಲಿ ಗೇಮ್ ಝೋನ್ ಇರುತ್ತಲ್ಲ, ಅಲ್ಲಿಗೆ ನೀವು ಯಾತಕ್ಕೆ ಹೋಗ್ತೀರಿ? ‘ಮಗು ಹಟ ಮಾಡ್ತು’ ಅಂತೀರಿ. ಸರಿ, ನಂಬೋಣ. ಆದ್ರೆ ಆ ಮಗು ಐಸ್‌ಕ್ರೀಮ್ ಕೊಡ್ಸು ಅಂತ ಪ್ಯಾಂಟು ಜಗ್ತಾ ನಿಂತಿರುವಾಗ, ಕಾರ್ ರೇಸ್ ಸೀಟಿನಲ್ಲಿ ನಾಲಿಗೆ ಕಚ್ಕೊಂಡು ಸ್ಟಿಯರಿಂಗ್ ತಿರುಗಿಸ್ತಾ ಕೂತಿದ್ದೋರು ಯಾರು ಸ್ವಾಮಿ?

ನಾಚ್ಕೋಬೇಡಿ. ಊರಿಗೆಲ್ಲ ಇರೋ ಕಾಯಿಲೆ ಇದು. ಮನೇಲಿ ಮಕ್ಕಳಿಲ್ಲದೋರು ಅಣ್ಣನ ಮಗನ್ನ ಸಾಲ ತರ್ತಾರೆ. (ಆ ಅಣ್ಣನ ಮಗ ಪಿಯುಸಿ ಮುಗಿಸಿ ಮೀಸೆ ಬಿಟ್ಟಿದ್ರೂ ‘ಪಾಪ, ಇನ್ನೂ ಚಿಕ್ಕೋನು’.) ಕಷ್ಟ ಬರೋದೆಲ್ಲಿ ಗೊತ್ತಾ? ಸಾಲಕ್ಕೂ ಒಂದು ಮಗು ಸಿಗದ ಜಾಗದಲ್ಲಿ. ಬರೀ ಇಸ್ತ್ರಿ ಶರಟಿನ ದೊಡ್ಡೋರೇ ತುಂಬಿರೋ ಹಾಲ್‌ನಲ್ಲಿ ಸಾಲುಸಾಲು ಹೊಸ ಮಷೀನು ಬಣ್ಣ ಬಿಟ್ಕೊಂಡು ಕರೆಯುವಾಗ.

ಅಂಥ ಜಾಗ ಇದೆ, ಮುಂಬೈನಲ್ಲಿ. ಗೋರೆಗಾಂವ್ ಈಸ್ಟ್‌ನ ಬಾಂಬೆ ಎಕ್ಸಿಬಿಷನ್ ಸೆಂಟರ್‌ನಲ್ಲಿ ಅಮ್ಯೂಸ್‌ಮೆಂಟ್ ಪಾರ್ಕಿನವರ ಸಂಘ ಐಎಎಪಿಐ ತನ್ನ ಎಕ್ಸ್‌ಪೋ ಹಾಕುತ್ತೆ. ಲೋಕಲ್ ಟ್ರೇನಿನಲ್ಲಿ ರಾಮ್ ಮಂದಿರ್ ಸ್ಟೇಷನ್ನಿಗೆ ಇಳ್ಕೊಂಡ್ರೆ ಹತ್ರ. (ಅನುಕೂಲ ನೋಡಿ. ಮನೆಯಿಂದ ಫೋನ್ ಬಂದಾಗ ‘ರಾಮ್ ಮಂದಿರ್ ಹತ್ರ ಇದೀನಿ’ ಅಂದ್ರೆ ಸುಳ್ಳು ಹೇಳಿದ ಹಾಗೂ ಆಗಲ್ಲ, ಪುಣ್ಯವಂತರು ಅನ್ನಿಸ್ಕೊಂಡ ಹಾಗೂ ಆಗುತ್ತೆ.)

ಒಳಗೆ ವಾಟರ್ ಸ್ಲೈಡಿನವರು, ಟ್ರ್ಯಾಂಪೋಲಿನ್‌ನವರು, ಡ್ಯಾಶಿಂಗ್ ಕಾರಿನವರು, ಬೌಲಿಂಗ್ ಲೇನಿನವರು ಎಲ್ಲಾ ಇರ್ತಾರೆ. ಪಾಪ, ಅವರ ಪೈಕಿ ಎಷ್ಟೋ ಜನ ಸರಕನ್ನ ಹಾಲ್ ಒಳಗೆ ತಂದು ನಿಲ್ಲಿಸೋಕಾಗಲ್ಲ. ಜೈಂಟ್ ವ್ಹೀಲ್ ಅಂದ್ರೆ ಒಂದು ಪುಟ್ಟ ಮಾಡೆಲ್ಲು, ಒಂದು ಟಿವಿ, ಒಂದು ಬ್ರೋಶರ್ರು. ಆರ್ಕೇಡಿನವರು ಮಾತ್ರ ಇಡೀ ಮಷೀನನ್ನೇ ತಂದು, ಪ್ಲಗ್ ಹಾಕಿ, ವಾಲ್ಯೂಮ್ ಏರಿಸಿ ಬಿಟ್ಟಿರ್ತಾರೆ. ನಿಮ್ಮ ಕಾಲು ಯಾವ ಕಡೆ ತಿರುಗುತ್ತೆ ಅಂತ ನಾನು ಹೇಳ್ಬೇಕಾ?

ಈಗ ಕಿವಿ ಇಲ್ಲಿ ತನ್ನಿ. ಟ್ರೇಡ್ ಶೋನ ದೊಡ್ಡ ಗುಟ್ಟು ಇದು: ಅಲ್ಲಿ ಮಷೀನಿಗೆ ದುಡ್ಡು ಹಾಕೋ ಹಂಗಿಲ್ಲ. ಟೋಕನ್ ಬೇಡ, ಕಾರ್ಡ್ ಬೇಡ. ಎಲ್ಲಾ ‘ಫ್ರೀ ಪ್ಲೇ’ಗೆ ಸೆಟ್ ಮಾಡಿರ್ತಾರೆ. ಸ್ಟಾರ್ಟ್ ಬಟನ್ ಒತ್ತಿದ್ರೆ ಆಯ್ತು. ಸತ್ರೆ ಮತ್ತೆ ಒತ್ತಿ. ಮತ್ತೆ ಸತ್ರೆ ಮತ್ತೆ ಒತ್ತಿ. ಮದುವೆ ಊಟದಲ್ಲಿ ಮೂರನೇ ಸಲ ಹೋಳಿಗೆ ಹಾಕಿಸ್ಕೊಳ್ಳೋಕೆ ಅಕ್ಕಪಕ್ಕ ನೋಡೋ ನೀವು, ಇಲ್ಲಿ ಅದನ್ನೂ ನೋಡಲ್ಲ.

ಆದ್ರೆ ಸುಮ್ನೆ ಆಡೋಕಾಗುತ್ತಾ? ಅದು ಮಾರಾಟದ ಜಾಗ. ರಿಜಿಸ್ಟ್ರೇಷನ್ ಫಾರಮ್ಮಿನಲ್ಲೇ ಕಂಪನಿ ಹೆಸರು, ಹುದ್ದೆ ಎಲ್ಲಾ ಕೇಳ್ತಾರೆ. ನಿಮ್ಮ ಮಾವನ ಮಗಂದು ಹಾಸನದಲ್ಲಿ ಒಂದು ಪಾರ್ಟಿ ಹಾಲ್ ಇದೆಯಲ್ಲ, ಅದರ ಹೆಸರು ಬರೀತೀರಿ. ಹುದ್ದೆ? ‘ಪಾರ್ಟ್‌ನರ್’. (ಮಾವನ ಮಗನಿಗೆ ಇದು ಗೊತ್ತಿಲ್ಲ. ಗೊತ್ತಾಗೋದೂ ಬೇಡ.) ಕೊರಳಿಗೆ ಬ್ಯಾಡ್ಜು ಬಿದ್ದ ಕೂಡ್ಲೆ ನಿಮ್ಮ ನಡಿಗೆ ಬದಲಾಗಿಬಿಡುತ್ತೆ ಕಣ್ರೀ. ಕೈ ಬೆನ್ನ ಹಿಂದೆ. ಹುಬ್ಬು ಮೇಲೆ.

ಮಷೀನಿನ ಮುಂದೆ ನಿಂತು ಮೊದಲು ಅದರ ಹಿಂಭಾಗ ನೋಡ್ತೀರಿ. ಹಿಂದೆ ಏನಿದೆ? ವೈರು. ಗಂಭೀರವಾಗಿ ತಲೆ ಆಡಿಸ್ತೀರಿ. ಆಮೇಲೆ ಪಕ್ಕದ ಸ್ಟಾಲಿನಲ್ಲಿ ಯಾರೋ ಕೇಳಿದ್ದನ್ನ ಕದ್ದು ಕೇಳಿಸ್ಕೊಂಡಿದ್ರಲ್ಲ, ಅದೇ ಪ್ರಶ್ನೆ ಎಸೀತೀರಿ: ‘ಸ್ಪೇರ್ ಪಾರ್ಟ್ಸ್ ಎಲ್ಲಿಂದ ಬರುತ್ತೆ? ಎಷ್ಟು ಜಾಗ ತಿನ್ನುತ್ತೆ? ಪೇಬ್ಯಾಕ್ ಎಷ್ಟು ತಿಂಗಳು?’ ಸೇಲ್ಸ್ ಹುಡುಗ ಉತ್ತರ ಹೇಳ್ತಿರ್ತಾನೆ. ನಿಮ್ಮ ಬೆರಳು ಆಗಲೇ ಸ್ಟಾರ್ಟ್ ಬಟನ್ ಸವರ್ತಾ ಇರುತ್ತೆ. ‘ಒಂದು ಟ್ರಯಲ್ ನೋಡ್ಬಹುದಾ?’ ಅಂತ ನೀವು ಕೇಳೋ ದನಿ ಇದೆಯಲ್ಲ, ಆಹಾ, ನಿಮಗೆ ಬೇಕಿಲ್ಲ, ವ್ಯಾಪಾರದ ಧರ್ಮಕ್ಕೆ ಅನ್ನೋ ಹಾಗೆ!

ಹೊಸ ಮಷೀನು. ಕಣ್ಣಿನ ಎದುರಿಗೇ ಹೇಗೆ ಆಡ್ಬೇಕು ಅಂತ ಅಂಟಿಸಿರ್ತಾರೆ. ಓದ್ತೀರಾ? ಛೆ ಛೆ. ಇದ್ದಬದ್ದ ಬಟನ್ನೆಲ್ಲ ಒತ್ತಿ, ಲಿವರ್ ಎಳೆದು, ಪೆಡಲ್ ತುಳಿದು, ಕೊನೆಗೆ ‘ಇದು ಕೆಲಸ ಮಾಡ್ತಿಲ್ಲ ಅನ್ಸುತ್ತೆ’ ಅಂತೀರಿ. (ಮಿಕ್ಸಿ ತಂದಾಗಲೂ ಹೀಗೇ ಮಾಡಿದ್ರಿ. ಮ್ಯಾನ್ಯುಯಲ್ಲು ಇನ್ನೂ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಸೀಲ್ ಒಡೆಯದೆ ಇದೆ.)

ನಿಮ್ಮ ಈ ಗುಣ ಈ ಧಂದೆಯವರಿಗೆ ಅರ್ಧ ಶತಮಾನದಿಂದ ಗೊತ್ತು. 1971ರಲ್ಲಿ ಕಾಸು ಹಾಕಿ ಆಡೋ ಮೊದಲ ವಿಡಿಯೋ ಗೇಮು ‘ಕಂಪ್ಯೂಟರ್ ಸ್ಪೇಸ್’ ಅಂತ ಬಂತು. ಅದನ್ನೂ ಧಂದೆಯವರಿಗೆ ಮೊದಲು ತೋರಿಸಿದ್ದು ಷಿಕಾಗೋದ ಒಂದು ಟ್ರೇಡ್ ಶೋನಲ್ಲೇ. ರಾಕೆಟ್ ತಿರುಗಿಸೋಕೆ ಎರಡು ಬಟನ್ನು, ಮುಂದೆ ನುಗ್ಗೋಕೆ ಇನ್ನೊಂದು, ಗುಂಡು ಹೊಡೆಯೋಕೆ ಮತ್ತೊಂದು. ಬಾರಿನಲ್ಲಿ ಕೈಯಲ್ಲಿ ಬಿಯರ್ ಹಿಡ್ಕೊಂಡು ನಿಂತೋನಿಗೆ ಇದೆಲ್ಲ ಓದಿ ಅರ್ಥ ಮಾಡ್ಕೊಳ್ಳೋ ತಾಳ್ಮೆ ಎಲ್ಲಿಂದ ಬರ್ಬೇಕು?

ಮಾರನೇ ವರ್ಷ ಆ ಆಟ ಮಾಡಿದ್ದೋರೇ ಅಟಾರಿ ಕಂಪನಿ ಕಟ್ಟಿ ‘ಪಾಂಗ್’ ತಂದ್ರು. ಒಂದು ಗುಂಡಿ ತಿರುಗಿಸಿ, ಚೆಂಡು ತಪ್ಪಿಸ್ಕೊಳ್ಳದ ಹಾಗೆ ನೋಡ್ಕೊಳ್ಳಿ, ಮುಗೀತು. ಕ್ಯಾಲಿಫೋರ್ನಿಯಾದ ಸನ್ನಿವೇಲ್ ಅನ್ನೋ ಊರಿನ ಬಾರೊಂದರಲ್ಲಿ ಅದನ್ನ ಪರೀಕ್ಷೆಗೆ ಇಟ್ಟಿದ್ರು. ಕೆಲವೇ ದಿನದಲ್ಲಿ ಮಷೀನ್ ಕೆಟ್ಟಿದೆ ಅಂತ ದೂರು ಬಂತು. ಹೋಗಿ ಬಿಚ್ಚಿ ನೋಡಿದ್ರೆ ಕೆಟ್ಟಿದ್ದೇನಿಲ್ಲ, ಒಳಗೆ ಕಾಸು ತುಂಬಿ ತುಳುಕಿ ಮುಂದಿನ ಕಾಸಿಗೆ ಜಾಗ ಇರ್ಲಿಲ್ಲ. ಅವತ್ತಿಂದ ಈ ಜನ ಒಂದು ತೀರ್ಮಾನಕ್ಕೆ ಬಂದ್ರು: ನೀವು ಓದಲ್ಲ. ನಿಮಗೆ ಓದಿಸೋಕೂ ಹೋಗ್ಬಾರ್ದು.

ಟ್ರೇಡ್ ಶೋನ ನಿಜವಾದ ಮಜಾ ಇಲ್ಲಿದೆ ನೋಡಿ. ಮಾಲ್‌ನಲ್ಲಿ ಮಷೀನು ನಿಮ್ಮ ಹತ್ರ ಮಾತಾಡುತ್ತೆ. ಇಲ್ಲಿ ಸೇಲ್ಸ್‌ನವರು ನಿಮ್ಮ ಬಗ್ಗೆ ಮಾತಾಡ್ತಾರೆ, ಅದೂ ನಿಮ್ಮ ಹತ್ರಾನೇ! ಬ್ಯಾಡ್ಜ್ ನೋಡಿ ನಿಮ್ಮನ್ನ ಮಾಲೀಕರು ಅಂದ್ಕೊಂಡಿರ್ತಾರಲ್ಲ, ‘ಗಿರಾಕಿ ಹೀಗೆ ಮಾಡ್ತಾನೆ ಸರ್, ಹಾಗೆ ಮಾಡ್ತಾನೆ ಸರ್’ ಅಂತ ಮುಚ್ಚುಮರೆ ಇಲ್ಲದೆ ಬಿಡಿಸಿ ಹೇಳ್ತಾರೆ. ಆ ಗಿರಾಕಿಯ ಸಕಲ ದುರ್ಗುಣ ಕೇಳ್ತಾ ಕೇಳ್ತಾ ನಿಮಗೆ ಕತ್ತಿನ ಹಿಂದೆ ಬೆವರು. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಆ ಗೊಂಬೆ ಎತ್ತೋ ಕ್ಲಾ ಮಷೀನು ತಗೊಳ್ಳಿ. ಗಾಜಿನ ಪೆಟ್ಟಿಗೆ, ಮೇಲಿಂದ ಇಳಿಯೋ ಮೂರು ಬೆರಳಿನ ಕೊಂಡಿ. ನೀವು ಮಾಲ್‌ನಲ್ಲಿ ಅದರ ಮುಂದೆ ನಿಂತು ಒಂದು ಕಣ್ಣು ಮುಚ್ಚಿ, ಪಕ್ಕದಿಂದ ಬಗ್ಗಿ ನೋಡಿ, ಹೆಂಡತೀನ ಆ ಕಡೆ ನಿಲ್ಲಿಸಿ ‘ಇನ್ನೂ ಸ್ವಲ್ಪ ಮುಂದಾ?’ ಅಂತ ಕೇಳಿ, ಲೆಕ್ಕ ಹಾಕಿ ಬಟನ್ ಒತ್ತಿದ್ರಲ್ಲ? ಕೊಂಡಿ ಕರೆಕ್ಟಾಗಿ ಗೊಂಬೆ ಮೇಲೇ ಇಳೀತು. ಹಿಡೀತು. ಎತ್ತಿತು. ಅರ್ಧ ದಾರೀಲಿ... ಅಯ್ಯಯ್ಯೋ.

ಗೋರೆಗಾಂವ್‌ನಲ್ಲಿ ಸೇಲ್ಸ್ ಹುಡುಗ ಅದರ ಹೊಟ್ಟೆ ತೆರೆದು ಮೆನು ತೋರಿಸ್ತಾನೆ. (ಅವನು ಹಿಂದೀಲಿ ಹೇಳ್ತಾನೆ, ನಾನು ನಿಮಗೆ ಕನ್ನಡದಲ್ಲಿ ಹೇಳ್ತಿದೀನಿ. ಎರಡರಲ್ಲೂ ಹೊಟ್ಟೆ ಅಷ್ಟೇ ಉರಿಯುತ್ತೆ.) ಕೊಂಡಿಯ ಹಿಡಿತ ಎಷ್ಟು ಬಿಗಿ ಇರ್ಬೇಕು, ಅದನ್ನ ಮಾಲೀಕರು ಸೆಟ್ ಮಾಡ್ಬಹುದು. ಹಿಡಿಯುವಾಗ ಗಟ್ಟಿ, ಎತ್ತಿದ ಮೇಲೆ ಸಡಿಲ, ಹಾಗೂ ಮಾಡ್ಬಹುದು. ಎಷ್ಟು ಆಟಕ್ಕೆ ಒಂದ್ಸಲ ಪೂರ್ತಿ ಬಲ ಕೊಡ್ಬೇಕು ಅನ್ನೋದನ್ನೂ ಮೊದಲೇ ನಿಗದಿ ಮಾಡಿ ಇಡ್ಬಹುದು, ಅಂಥ ಮಷೀನುಗಳಿವೆ. ಮಿಕ್ಕ ಟೈಮಿನಲ್ಲಿ ಅದು ಗೊಂಬೇನ ಹಿಡಿಯೋದು, ಪಂಕ್ತಿಯಲ್ಲಿ ತುಪ್ಪ ಬಡಿಸೋನು ಸೌಟು ಬಗ್ಗಿಸೋ ಹಾಗೆ. ತೋರಿಸಿದ್ದು ನಿಜ. ಎಲೆಗೆ ಬಿತ್ತಾ ಅಂತ ಮಾತ್ರ ಕೇಳ್ಬಾರ್ದು.

ಇಷ್ಟು ಕೇಳಿದ ಮೇಲೆ ಏನ್ಮಾಡ್ಬೇಕು? ತಿರುಗಿ ಬಂದುಬಿಡ್ಬೇಕು. ನೀವು ಏನ್ಮಾಡ್ತೀರಿ? ಮೆನು ಮುಚ್ಚಿದ ಕೂಡ್ಲೆ ‘ಇರಿ, ಒಂದು ಕೈ ನೋಡ್ತೀನಿ’ ಅಂತ ಜಾಯ್‌ಸ್ಟಿಕ್ ಹಿಡೀತೀರಿ. ಒಂದು ಕಣ್ಣು ಮುಚ್ತೀರಿ. ಪಕ್ಕದಿಂದ ಬಗ್ಗಿ ನೋಡ್ತೀರಿ! ಈಗಷ್ಟೇ ನಿಮ್ಮ ಕಣ್ಣೆದುರಿಗೆ ಹಿಡಿತ ಸಡಿಲ ಮಾಡಿ ತೋರಿಸಿದ್ದಾನಲ್ರೀ ಅವನು! ಗೊಂಬೆ ಜಾರಿ ಬಿದ್ದಾಗ ‘ಛೆ, ಕೂದಲೆಳೆಯಲ್ಲಿ ಹೋಯ್ತು’ ಅಂತೀರಲ್ಲ, ಆ ಮಾತನ್ನ ಕೇಳೋಕೇ ಈ ಮಷೀನ್ ಕಟ್ಟಿರೋದು. ದೂರದಲ್ಲಿ ಸೋತೋನು ಮನೆಗೆ ಹೋಗ್ತಾನೆ. ಹತ್ರದಲ್ಲಿ ಸೋತೋನು ಮತ್ತೆ ಜೇಬಿಗೆ ಕೈ ಹಾಕ್ತಾನೆ.

(ಇಂಥ ಆಟ ಅದೃಷ್ಟವೋ ಕೌಶಲವೋ ಅಂತ ಜಗಳ ಎಲ್ಲಾ ಕಡೆ ಆಗಿದೆ. ನ್ಯೂಯಾರ್ಕಿನ ಮೇಯರ್ ಲಾ ಗ್ವಾರ್ಡಿಯಾ 1942ರಲ್ಲಿ ಪಿನ್‌ಬಾಲ್ ಬರೀ ಜೂಜು ಅಂತ ನಿಷೇಧ ಹಾಕಿಸಿ, ಸುತ್ತಿಗೆ ಹಿಡಿದು ಮಷೀನು ಒಡೆದು ಫೋಟೋ ತೆಗೆಸ್ಕೊಂಡಿದ್ದ. 1976ರಲ್ಲಿ ರೋಜರ್ ಶಾರ್ಪ್ ಅನ್ನೋ ಆಟಗಾರ ನಗರಸಭೆಯವರ ಮುಂದೆ ಮಷೀನ್ ಇಟ್ಕೊಂಡು, ಚೆಂಡು ಈ ಸಂದೀಲೇ ಹೋಗುತ್ತೆ ಅಂತ ಬೆರಳು ತೋರಿಸಿ ಹೇಳಿ, ಹಾಗೇ ಹೊಡೆದು ತೋರಿಸಿದ ಮೇಲೇ ಅದು ಬಿಡುಗಡೆ ಆಗಿದ್ದು.)

(ನಮ್ಮಲ್ಲೂ ಆಗಿದೆ, ಅದೂ ಬೆಂಗಳೂರಿನದ್ದೇ ಗಲಾಟೆ. ಬೆಂಗಳೂರಿನಿಂದ ಹೊರಡ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೇಲಿ ಆರ್‌ಎಂಡಿಸಿ ಕ್ರಾಸ್‌ವರ್ಡ್ ಅಂತ ಬಹುಮಾನದ ಪದಬಂಧ ಬರ್ತಿತ್ತು. ಬೊಂಬಾಯಿ ಸರ್ಕಾರ ಅದರ ಮೇಲೆ ಬಿತ್ತು. ಸುಪ್ರೀಂ ಕೋರ್ಟು 1957ರಲ್ಲಿ ಇದು ಜೂಜಿನ ಜಾತೀದೇ ಅಂದ್ಬಿಡ್ತು. ಬುದ್ಧಿ ಖರ್ಚಾಗೋ ಆಟ ಬೇರೆ, ಬರೀ ಅದೃಷ್ಟದ ಆಟ ಬೇರೆ ಅನ್ನೋ ಗೆರೇನ ಇವತ್ತಿಗೂ ವಕೀಲರು ಆ ವರ್ಷದ ತೀರ್ಪುಗಳಿಂದಲೇ ಎಳೆಯೋದು. ಬ್ರಾಕೆಟ್ಟು ಉದ್ದ ಆಯ್ತು, ಮುಚ್ತೀನಿ.)

ಎಲ್ಲಿದ್ವಿ? ಹಾಂ, ಕ್ಲಾ ಮುಗೀತು, ಇನ್ನು ಟಿಕೆಟ್ಟು. ರಿಡೆಂಪ್ಷನ್ ಮಷೀನು ಅಂತಾರಲ್ಲ, ಆಡಿದ ಮೇಲೆ ಬಾಯಿಂದ ಟಿಕೆಟ್ ಉಗುಳುತ್ತೆ, ಅದನ್ನ ಕೂಡಿಸಿ ಕೌಂಟರಿನಲ್ಲಿ ಪೆನ್ಸಿಲ್ಲೋ ಕೀ ಚೈನೋ ತಗೋಬೇಕು. ಚೆಂಡು ಉರುಳಿಸಿ ಗುಂಡಿಗೆ ಬೀಳಿಸೋ ‘ಸ್ಕೀ ಬಾಲ್’ ಈ ಜಾತಿಯ ಮುತ್ತಜ್ಜ. ಅಮೆರಿಕದ ನ್ಯೂಜೆರ್ಸಿಯೋನೊಬ್ಬ 1908ರಲ್ಲಿ ಅದಕ್ಕೆ ಪೇಟೆಂಟ್ ತಗೊಂಡಿದ್ದ. ಆಗಿನ ಲೇನು ಭಾರೀ ಉದ್ದ. ಚೆಂಡು ಆ ತುದಿ ಮುಟ್ಟಿಸೋಕೆ ತೋಳಲ್ಲಿ ಬಲ ಬೇಕಿತ್ತು. ಬರ್ತಾ ಬರ್ತಾ ಮೊಟಕು ಮಾಡಿದ್ರು. ಎಲ್ಲರೂ ಆಡ್ಲಿ ಅಂತ. ಎಲ್ಲರ ಕೈಲೂ ಕಾಸಿರುತ್ತಲ್ಲ, ಅದಕ್ಕೆ.

ಎಕ್ಸ್‌ಪೋನಲ್ಲಿ ಬಹುಮಾನದ ಕೌಂಟರೇ ಇರಲ್ಲ. ಪೆನ್ಸಿಲ್ ಕೊಡೋರೂ ಇಲ್ಲ. ಟಿಕೆಟ್ಟಿಗೆ ನಯಾಪೈಸೆ ಬೆಲೆ ಇಲ್ಲ. ಆದ್ರೂ ಮಷೀನು ಟಿಕೆಟ್ ಉಗುಳಿದ ಕೂಡ್ಲೆ ನೀವು ಬಗ್ಗಿ ಎತ್ಕೊಂಡು, ಮಡಿಕೆ ಸರಿ ಮಾಡಿ, ರಬ್ಬರ್ ಬ್ಯಾಂಡ್ ಹುಡುಕಿದ್ದು ಯಾತಕ್ಕೆ? ಪಕ್ಕದ ಮಷೀನಿನ ಕೆಳಗೆ ಯಾರೋ ಬಿಟ್ಟು ಹೋದ ಟಿಕೆಟ್ಟಿನ ಸುರುಳಿ ಕಂಡಾಗ ಆ ಕಡೆ ಈ ಕಡೆ ನೋಡಿದ್ರಿ. ನಾನು ನೋಡ್ಲಿಲ್ಲ ಅಂದ್ಕೊಂಡ್ರಾ?

ಅದಕ್ಕೇ ಈಗ ಕಾಗದದ ಟಿಕೆಟ್ಟು ಕಮ್ಮಿ ಆಗ್ತಿದೆ, ಎಲ್ಲಾ ಕಾರ್ಡಿಗೇ ಜಮಾ. ಕಾರ್ಡಿನ ಮಹಿಮೆ ಗೊತ್ತಲ್ಲ? ನೂರು ರೂಪಾಯಿ ನೋಟು ಕೊಡುವಾಗ ಕೈ ನಡುಗುತ್ತೆ. ಅದೇ ನೂರು ‘ಪಾಯಿಂಟ್’ ಆಗಿ ಕಾರ್ಡಿನೊಳಗೆ ಕೂತ್ರೆ ಟಿಂಗ್ ಟಿಂಗ್ ಅಂತ ಉಜ್ತಾ ಹೋಗ್ತೀರಿ. ಕೊನೆಗೆ ಏನೋ ಚಿಲ್ಲರೆ ಪಾಯಿಂಟ್ ಉಳಿಯುತ್ತೆ. ಅದಕ್ಕೆ ಯಾವ ಆಟಾನೂ ಬರಲ್ಲ, ಬಿಟ್ಟು ಬರೋಕೆ ಮನಸ್ಸೂ ಬರಲ್ಲ, ಅದಕ್ಕೇ ಇನ್ನಷ್ಟು ದುಡ್ಡು ಹಾಕಿಸ್ತೀರಿ. ನಿಮ್ಮ ಪರ್ಸಿನಲ್ಲಿ ಈಗಲೂ ಅಂಥ ಕಾರ್ಡು ಒಂದಿದೆ. ತೆಗೆದು ನೋಡಿ, ಲೈಸೆನ್ಸಿನ ಹಿಂದೆ.

ಈ ಕಾರ್ಡು-ರೀಡರು-ಸಾಫ್ಟ್‌ವೇರಿನ ಧಂದೆಯಲ್ಲಿ ನಮ್ಮೋರೂ ಇದ್ದಾರೆ ಮಾರಾಯ್ರೆ. ಸೆಮ್ನಾಕ್ಸ್ ಅಂತ ಕಂಪನಿ, ಮಂಗಳೂರಿನಲ್ಲಿ ಕೂತು ಸಾಫ್ಟ್‌ವೇರ್ ಬರೆದು ದೇಶ ವಿದೇಶದ ಆಟದ ಸೆಂಟರ್‌ಗಳಿಗೆ ಮಾರುತ್ತೆ. ಎಲ್ಲೋ ಪರದೇಶದ ಮಗು ಕಾರ್ಡ್ ಉಜ್ಜಿದಾಗ ಲೆಕ್ಕ ಬರ್ಕೊಳ್ಳೋದು ಮಂಗಳೂರಿನ ಬುದ್ಧಿ. (ಹೋಟೆಲ್ ಗಲ್ಲಾದ ಲೆಕ್ಕ ನೂರು ವರ್ಷ ತಪ್ಪಿಲ್ಲದೆ ಬರೆದ ಸೀಮೆ ಅದು. ನನಗಂತೂ ಇದರಲ್ಲಿ ಆಶ್ಚರ್ಯ ಕಾಣ್ಲಿಲ್ಲ.)

ಈಗ ಗಂಡಸರ ವಿಷಯಕ್ಕೆ ಬರೋಣ. ಹೆಂಗಸರು ಒಂದು ಪ್ಯಾರಾ ರೆಸ್ಟ್ ತಗೊಳ್ಳಿ. ಬೇಡ, ಬೇಡ, ಓದಿ, ನಿಮಗೇ ಖುಷಿ ಆಗುತ್ತೆ.

ಹಾಲ್‌ನ ಒಂದು ಮೂಲೇಲಿ ಬಾಕ್ಸಿಂಗ್ ಮಷೀನು ಇರುತ್ತೆ. ಮೇಲಿಂದ ಒಂದು ಕೆಂಪು ಚೀಲ ತೂಗಾಡುತ್ತೆ, ಗುದ್ದಿದ್ರೆ ನಂಬರ್ ಬರುತ್ತೆ. ಅಷ್ಟೇ ಆಟ. ಕತೆ ಇಲ್ಲ, ಲೆವೆಲ್ ಇಲ್ಲ. ಬಿಪಿ ಮಾತ್ರೆ ತಗೊಳ್ಳೋ ನೀವು, ಸಿಲಿಂಡರ್ ಎತ್ತಿ ಅಂದ್ರೆ ‘ಡಿಸ್ಕ್ ಪ್ರಾಬ್ಲಮ್’ ಅನ್ನೋ ನೀವು, ಆ ಚೀಲದ ಮುಂದೆ ನಿಂತ ಕ್ಷಣ ವಾಚು ಬಿಚ್ಚಿ ಕನ್ನಡಕ ತೆಗೆದು ಪಕ್ಕದವರ ಕೈಗೆ ಕೊಡ್ತೀರಲ್ಲ, ಆ ಶಾಸ್ತ್ರ ನಿಮಗೆ ಕಲಿಸಿಕೊಟ್ಟೋರು ಯಾರು?

ಎರಡು ಹೆಜ್ಜೆ ಹಿಂದೆ. ಒಂದು ಉಸಿರು. ಯಾರಾದ್ರೂ ನೋಡ್ತಿದ್ದಾರಾ ಅಂತ ಓರೆಗಣ್ಣು. (ನೋಡ್ತಿದ್ದಾರೆ. ಅದಕ್ಕೇ ಮಷೀನನ್ನ ಓಡಾಡೋ ದಾರೀಲಿ ಇಟ್ಟಿರೋದು.) ಧಡ್! ನಂಬರ್ರು ಗಿರಗಿರ ತಿರುಗಿ ನಿಲ್ಲುತ್ತೆ. ನಿಮ್ಮ ಹಿಂದೆ ಬಂದ ಸೂರತ್ತಿನ ಬಡಕಲು ಹುಡುಗ ಒಂದು ಕೈಯಲ್ಲಿ ಚಾಯ್ ಕಪ್ ಹಿಡ್ಕೊಂಡೇ ಗುದ್ದಿ ನಿಮಗಿಂತ ಜಾಸ್ತಿ ತೆಗೀತಾನೆ. ‘ಸೆನ್ಸರ್ ಲೂಸಾಗಿದೆ’ ಅಂತ ಸೇಲ್ಸ್ ಹುಡುಗನಿಗೆ ತಾಂತ್ರಿಕ ಸಲಹೆ ಕೊಟ್ಟು, ಕೈ ಜೇಬಿಗೆ ಹಾಕ್ಕೊಂಡು ಮುಂದೆ ಹೋಗ್ತೀರಿ. ಜೇಬಿನೊಳಗೆ ಬೆರಳು ಉಜ್ಕೊಳ್ತಿರೋದು ಹೊರಗಿಂದ ಕಾಣುತ್ತೆ ಕಣ್ರೀ.

ಸಮಾಧಾನ ಬೇಕಾ? ಗೇಮ್ ಕಂಪನಿ ಕ್ಯಾಪ್‌ಕಾಮ್‌ನವರೂ ಈ ಗುದ್ದಿನ ಹುಚ್ಚಿಗೆ ಒಂದ್ಸಲ ಬೇಸ್ತು ಬಿದ್ದಿದ್ದಾರೆ. 1987ರಲ್ಲಿ ಮೊದಲ ‘ಸ್ಟ್ರೀಟ್ ಫೈಟರ್’ ಬಂದಾಗ ಅದರ ದೊಡ್ಡ ಮಾದರೀಲಿ ಬಟನ್ನಿನ ಬದಲು ಎರಡು ರಬ್ಬರ್ ಪ್ಯಾಡ್ ಇಟ್ಟಿದ್ರು. ಎಷ್ಟು ಜೋರಾಗಿ ಗುದ್ತೀರೋ ಪರದೆ ಮೇಲಿನ ಫೈಟರ್ ಅಷ್ಟು ಜೋರಾಗಿ ಹೊಡೀತಾನೆ. ಐಡಿಯಾ ಏನೋ ಚೆನ್ನಾಗಿದೆ. ಜನ ಗುದ್ದಿ ಗುದ್ದಿ ಕೈ ನೋಯಿಸ್ಕೊಂಡ್ರು. ಆಮೇಲೆ ಬಟನ್ನಿನ ಮಾದರಿ ಬಂತು, ಆರು ಬಟನ್ನು. ಮುಂದೆ ‘ಸ್ಟ್ರೀಟ್ ಫೈಟರ್ 2’ರಲ್ಲಿ ಲೋಕವೆಲ್ಲ ಅದೇ ಆರು ಬಟನ್ನಿಗೆ ಮನಸೋತಿದ್ದು.

ವಿಆರ್ ಬಗ್ಗೆ ಹೇಳೋದು ಕಮ್ಮಿ. ತಲೆಗೆ ಡಬ್ಬ ಹಾಕ್ಕೊಂಡು ಕುರ್ಚೀಲಿ ಕೂತ್ಕೊಳ್ಳಿ, ಕುರ್ಚಿ ಅಲ್ಲಾಡುತ್ತೆ, ನೀವು ‘ಅಯ್ಯಮ್ಮ’ ಅಂತ ಕೂಗ್ತೀರಿ. ಹೊರಗೆ ನಿಂತೋರಿಗೆ ಕಾಣೋದು ನೆಲದಿಂದ ಒಂದು ಅಡಿ ಮೇಲೆ ಭದ್ರವಾಗಿ ಕೂತು ಅಮ್ಮನ್ನ ಕರೀತಿರೋ ಒಬ್ಬ ಪಾರ್ಟ್‌ನರ್ರು. ಬೇರೆಯವರು ಆಡೋದನ್ನ ನೋಡೋದೇ ಇದರಲ್ಲಿ ಹೆಚ್ಚಿನ ಮನರಂಜನೆ, ನನ್ನ ಕೇಳಿದ್ರೆ.

ಇಷ್ಟೆಲ್ಲ ಮಷೀನಿನಲ್ಲಿ ಯಾವುದು ಓಡುತ್ತೆ, ಯಾವುದು ಮಕಾಡೆ ಮಲಗುತ್ತೆ? ಬಂದೋರೆಲ್ಲ ಭವಿಷ್ಯ ಹೇಳ್ತಿರ್ತಾರೆ. ನೀವೂ ಶುರು ಮಾಡಿರ್ತೀರಿ, ‘ಈ ಮೀನು ಹಿಡಿಯೋ ಗೇಮು ಟೈರ್-ಟು ಸಿಟೀಲಿ ನಡೆಯಲ್ಲ’ ಅಂತ. ಹೇಳಿ ಹೇಳಿ. 1980ರ ಅಮೆರಿಕದ ಟ್ರೇಡ್ ಶೋ ಬಗ್ಗೆ ಈ ಧಂದೆಯವರು ಒಂದು ಕತೆ ಹೇಳ್ತಾರೆ. ನಾಮ್ಕೋ ಕಂಪನಿಯ ಎರಡು ಆಟ ಪಕ್ಕಪಕ್ಕದಲ್ಲಿದ್ವಂತೆ. ‘ರ್‍ಯಾಲಿ-ಎಕ್ಸ್’ ಅಂತ ಕಾರಿನ ಆಟ, ಇನ್ನೊಂದು ಹಳದಿ ಬಾಯೊಂದು ಚುಕ್ಕಿ ತಿನ್ನೋ ಆಟ. ಪಂಡಿತರೆಲ್ಲ ಕಾರಿನ ಕಡೆಗೇ ಬೆರಳು ತೋರಿಸಿದ್ರಂತೆ. ಕತೆಗೆ ಸ್ವಲ್ಪ ಉಪ್ಪುಖಾರ ಬಿದ್ದಿದೆ ಅನ್ನೋರೂ ಇದ್ದಾರೆ, ಇರ್ಲಿ. ಆ ಹಳದಿ ಬಾಯಿಯ ಹೆಸರು ಪ್ಯಾಕ್-ಮ್ಯಾನ್. ಕಾರಿನ ಹೆಸರು ನಾನು ಹೇಳೋವರೆಗೆ ನಿಮಗೆ ಗೊತ್ತಿತ್ತಾ?

ಹಾಲ್‌ನ ಕೊನೆಗೆ ಬಂದಾಗ ಒಂದು ಸ್ಟಾಲಿನಲ್ಲಿ ನೂರಾರು ಹಳೇ ಆಟಾನ ಒಂದೇ ಡಬ್ಬದಲ್ಲಿ ತುಂಬಿಟ್ಟಿರ್ತಾರೆ. ಸ್ಟಿಕ್ ಅಲ್ಲಾಡಿಸಿ ಪಟ್ಟಿ ನೋಡ್ತಾ ನಿಮ್ಮ ಕೈ ಒಂದು ಕಡೆ ನಿಂತ್ಬಿಡುತ್ತೆ. ‘ಮುಸ್ತಫಾ!’ ಹೌದು, ಅದೇ. 1993ರ ಕ್ಯಾಪ್‌ಕಾಮ್ ಆಟ, ಅದರ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಇಡೀ ಇಂಡಿಯಾದಲ್ಲಿ ಹಾಗಂತ ಕರೆದೋರನ್ನ ನಾನು ಕಾಣೆ. ಹಳದಿ ಟೋಪಿ ಹಾಕಿದ ಹೀರೋನ ಹೆಸರೇ ಆಟದ ಹೆಸರು. ಅಂಗಡೀಲಿ ನಿಮಗೆ ಮುಸ್ತಫಾ ಸಿಗ್ಬೇಕು ಅಂದ್ರೆ ಬೇಗ ಹೋಗಿ ಸ್ಟಿಕ್ ಹಿಡೀಬೇಕಿತ್ತು, ನೆನಪಿದೆಯಾ?

ಸ್ಕೂಲ್ ಬ್ಯಾಗ್ ಹಾಕ್ಕೊಂಡು, ಬಸ್ ಚಾರ್ಜಿನ ಕಾಸಿನಲ್ಲಿ ಟೋಕನ್ ತಗೊಂಡು, ಮನೆಗೆ ನಡ್ಕೊಂಡು ಹೋಗಿ ‘ಸ್ಪೆಷಲ್ ಕ್ಲಾಸ್ ಇತ್ತು’ ಅಂದಿದ್ರಿ. ಪರದೆ ಮೇಲೆ ಕಂಟಿನ್ಯೂ ಅಂತ ಒಂಬತ್ತು, ಎಂಟು, ಏಳು ಎಣಿಸುವಾಗ ಜೇಬು ತಡಕಾಡಿ, ಪಕ್ಕದೋನಿಗೆ ‘ಲೋ ಒಂದು ಟೋಕನ್ ಕೊಡೋ, ನಾಳೆ ಕೊಡ್ತೀನಿ’ ಅಂದಿದ್ರಿ. (ಕೊಟ್ರಾ?) ಈಗ ಅದೇ ಆಟ, ಅದೇ ಒಂಬತ್ತು ಎಂಟು ಏಳು, ಬಟನ್ ಒತ್ತಿದ್ರೆ ಎಷ್ಟು ಬೇಕಾದ್ರೂ ಜೀವ. ಮೊದಲ ಸಲ ನೀವು ಈ ಆಟದ ಕೊನೆ ನೋಡ್ಬಹುದು. ಆದ್ರೆ ನಾಲ್ಕನೇ ಲೆವೆಲ್ಲಿಗೇ ಬೋರಾಗಿ ಗಡಿಯಾರ ನೋಡ್ಕೊಂಡ್ರಿ. ಸಾಲ ಮಾಡದೆ ಸಿಕ್ಕ ಜೀವಕ್ಕೆ ರುಚಿ ಇಲ್ಲ ಅನ್ಸುತ್ತೆ ಅಲ್ವಾ? ಆದ್ರೂ ಸ್ಕೋರ್ ಪಟ್ಟೀಲಿ ಹೆಸರು ಹಾಕೋ ಜಾಗ ಬಂದಾಗ ಮೂರು ಅಕ್ಷರ ತಪ್ಪದೆ ತುಂಬಿಸಿದ್ರಿ. 1979ರ ‘ಸ್ಟಾರ್ ಫೈರ್’ ಅನ್ನೋ ಆಟ ಆಟಗಾರರ ಕೈಲಿ ಇನಿಷಿಯಲ್ ಹಾಕಿಸೋ ಪದ್ಧತಿ ಶುರು ಮಾಡಿದ ದಿನದಿಂದ, ಪ್ಲಗ್ ಕಿತ್ತ ಮೇಲೆ ಅಳಿಸಿಹೋಗಬಹುದಾದ ಜಾಗದಲ್ಲೂ ಹೆಸರು ಬರೆಯೋ ಜನ ನಾವು.

ಇನ್ನೊಂದು ಮಾತು ಉಳೀತು. ಪ್ರತಿ ಸ್ಟಾಲಿನಲ್ಲೂ, ಇನ್ನೊಂದು ಆಟ ಸಿಗ್ಲಿ ಅಂತ, ವಿಸಿಟಿಂಗ್ ಕಾರ್ಡ್ ಕೊಟ್ಟು ಬಂದ್ರಲ್ಲ? ಬ್ಯಾಡ್ಜಿನ ಕೋಡ್ ಸ್ಕ್ಯಾನ್ ಮಾಡೋಕೂ ಬಿಟ್ರಿ. ‘ಸೀರಿಯಸ್ಸಾಗಿ ಯೋಚ್ನೆ ಮಾಡ್ತಿದೀವಿ, ಕೊಟೇಷನ್ ಕಳ್ಸಿ’ ಅಂತ ಬೇರೆ ಹೇಳಿದ್ರಿ. ಗೇಮ್ ಮಷೀನಿನ ಎಷ್ಟೋ ಕಾರ್ಖಾನೆಗಳು ಗುಂಪು ಕಟ್ಕೊಂಡಿರೋದು ಚೀನಾದ ಗ್ವಾಂಗ್‌ಝೌನ ಪಾನ್ಯೂ ಕಡೆ. ಅಲ್ಲಿಯೋರಿಗೆ ನಮ್ಮೋರ ‘ನೋಡೋಣ’ ಅಂದ್ರೆ ‘ಇಲ್ಲ’ ಅಂತ ಅರ್ಥ ಆಗಲ್ಲ. ವಾಟ್ಸಾಪ್ ಶುರು ಆಗಿದೆ. ಗುಡ್ ಮಾರ್ನಿಂಗ್ ಸರ್, ಗುಲಾಬಿ ಹೂ, ಜೊತೆಗೆ ಕಂಟೇನರ್ ರೇಟು.

ಫೋನ್ ಹೊಡ್ಕೊಳ್ತಿದೆ, ಎತ್ತಿ. ಅಯ್ಯೋ, ನಿಮ್ಮ ಮನೆಯೋರೇ ಎತ್ತಿದ್ರಲ್ಲ! ಬಾಂಬೆಯಿಂದಂತೆ. ಎರಡು ಬಾಕ್ಸಿಂಗ್ ಮಷೀನು, ಒಂದು ಕ್ಲಾ, ಹಾಸನಕ್ಕೆ ಇಳಿಸೋದಾ ಬೆಂಗಳೂರಿಗಾ ಅಂತ ಕೇಳ್ತಿದ್ದಾರೆ. ಮಾವನ ಮಗನ ನಂಬರ್ರೂ ಬೇಕಂತೆ. ನಾನು ಬರ್ತೀನಿ, ನೀವು ಮಾತಾಡ್ಕೊಳ್ಳಿ.